ಟೆಲಿಫೋನಿನ ಅಂತಸ್ತುಗಳು



ಚಿತ್ರದುರ್ಗದ ಪೇಟೆಬೀದಿಯಲ್ಲಿ ಹಳೆಯ ಅಂಗಡಿಗಳ ಫಲಕಗಳನ್ನು ನೋಡುತ್ತ ನಡೆದರೆ, ಅಂಗಡಿಯ ಹೆಸರಿನ ಕೆಳಗೆ ೦೮೧೯೪ ಎಂಬ ಐದು ಅಂಕಿಗಳೂ, ಅವುಗಳ ಮುಂದೆ ಒಂದು ಸಣ್ಣ ಗೀಟೂ, ಅನಂತರ ಬೇರೆ ಆರು ಅಂಕಿಗಳೂ ಕಾಣಿಸುವುವು. ಹಿರಿಯೂರಿಗೆ ಹೋದರೆ ಆ ಮೊದಲ ಐದು ಅಂಕಿಗಳು ೦೮೧೯೩ ಆಗುತ್ತವೆ, ಹೊಳಲ್ಕೆರೆಯಲ್ಲಿ ೦೮೧೯೧, ಹೊಸದುರ್ಗದಲ್ಲಿ ೦೮೧೯೯. ಕೊನೆಯ ಅಂಕಿಯೊಂದು ಮಾತ್ರ ಬದಲಾಗುತ್ತದೆ, ಮಿಕ್ಕವು ಹಾಗೆಯೇ ಇರುತ್ತವೆ. ಇದು ಏಕೆ ಹೀಗೆ ಎಂದು ಕೇಳುವವರು ಕಡಮೆ. ಮನೆಯ ಸಂಖ್ಯೆಯನ್ನು ಬಾಯಿಪಾಠಮಾಡಿದಂತೆ ಇದನ್ನೂ ಬಾಯಿಪಾಠಮಾಡಿ ನಾವು ಸುಮ್ಮನಾಗಿದ್ದೇವೆ. ಆದರೆ ಈ ಅಂಕಿಗಳಲ್ಲಿ ಒಂದು ರಾಜ್ಯಾಡಳಿತದ ಕ್ರಮವೂ, ಒಂದು ಗಣಿತವೂ, ಒಂದು ಹಳೆಯ ಜಿಲ್ಲೆಯ ಎಲ್ಲೆಗಳೂ ಅಡಗಿವೆ. ಅವನ್ನು ಬಿಡಿಸಿ ಹೇಳುವುದೇ ಇಂದಿನ ನಮ್ಮ ಉದ್ದೇಶ.

ಗ್ರಹಾಂ ಬೆಲ್ಲನು ೧೮೭೬ರ ಮಾರ್ಚಿಯಲ್ಲಿ ತಂತಿಯ ಮೂಲಕ ಮಾತನ್ನು ಕಳುಹಿಸಿದ ಕಥೆ ಎಲ್ಲರಿಗೂ ತಿಳಿದದ್ದೇ. ಆದರೆ ಬೆಲ್ಲನ ಯಂತ್ರ ಎರಡು ಮನೆಗಳನ್ನು ಕೂಡಿಸಿತೇ ಹೊರತು ಒಂದು ಊರನ್ನು ಕೂಡಿಸಲಿಲ್ಲ. ಊರನ್ನು ಕೂಡಿಸಿದ್ದು ಇನ್ನೊಂದು ಉಪಾಯ. ೧೮೭೮ರ ಜನವರಿ ೨೮ರಂದು ಅಮೆರಿಕದ ನ್ಯೂ ಹೇವನ್ ಎಂಬ ಪಟ್ಟಣದಲ್ಲಿ ಇಪ್ಪತ್ತೊಂದು ಮಂದಿ ಚಂದಾದಾರರಿಗೆ ಒಂದು ವಿನಿಮಯ ಕೇಂದ್ರ, ಎಂದರೆ ಎಕ್ಸ್‌ಚೇಂಜು, ತೆರೆಯಿತು. ಪ್ರತಿಯೊಬ್ಬನ ಮನೆಯಿಂದಲೂ ತಂತಿ ಅಲ್ಲಿಗೇ ಬರುವುದು. ಯಾರಿಗೆ ಯಾರು ಬೇಕೋ ಅವರ ತಂತಿಗಳನ್ನು ಅಲ್ಲಿ ಕುಳಿತವನು ಜೋಡಿಸುವನು. ಕೇಳುವುದಕ್ಕೆ ಇದು ಬಹು ಸಾಮಾನ್ಯವಾದ ಏರ್ಪಾಡು. ಆದರೆ ಲೆಕ್ಕ ಹಾಕಿ ನೋಡಿದರೆ ಇದರ ಮಹತ್ತ್ವ ತಿಳಿಯುತ್ತದೆ. ನೂರು ಮನೆಗಳನ್ನು ಒಂದಕ್ಕೊಂದು ನೇರವಾಗಿ ತಂತಿಯಿಂದ ಕೂಡಿಸಬೇಕಾದರೆ ೪,೯೫೦ ತಂತಿಗಳು ಬೇಕು. ನಡುವೆ ಒಂದು ಎಕ್ಸ್‌ಚೇಂಜನ್ನು ಇಟ್ಟರೆ ನೂರೇ ಸಾಕು.

ನಮ್ಮ ದೇಶಕ್ಕೆ ಈ ಸೌಕರ್ಯ ಬಂದುದು ತಡವಾಗಿ ಅಲ್ಲ. ನ್ಯೂ ಹೇವನ್ನಿನ ಎಕ್ಸ್‌ಚೇಂಜು ತೆರೆದ ನಾಲ್ಕು ವರ್ಷಗಳಿಗೆ, ಅದೇ ಜನವರಿ ೨೮ರಂದು, ೧೮೮೨ರಲ್ಲಿ, ಕಲ್ಕತ್ತೆಯಲ್ಲಿಯೂ ಮುಂಬಯಿ ಮದರಾಸುಗಳಲ್ಲಿಯೂ ಎಕ್ಸ್‌ಚೇಂಜುಗಳು ಪ್ರಾರಂಭವಾದುವು. ಕಲ್ಕತ್ತೆಯದರಲ್ಲಿ ತೊಂಬತ್ತಮೂರು ಮಂದಿ ಚಂದಾದಾರರಿದ್ದರು. ತಡವಾದುದು ಆ ಮೂರು ಪಟ್ಟಣಗಳಿಂದ ಒಳನಾಡಿಗೆ ಬರುವುದರಲ್ಲಿ. ಖಾಸಗಿ ಕಂಪೆನಿಗಳ ಕೈಯಲ್ಲಿದ್ದ ಆ ಮೂರು ಊರುಗಳ ಟೆಲಿಫೋನುಗಳನ್ನು ಸರ್ಕಾರ ತನ್ನ ವಶಕ್ಕೆ ತೆಗೆದುಕೊಂಡದ್ದು ೧೯೪೩ರಲ್ಲಿ. ಸ್ವಾತಂತ್ರ್ಯ ಬಂದಾಗ ಇಡೀ ದೇಶಕ್ಕೆ ಇದ್ದ ಟೆಲಿಫೋನುಗಳು ಸುಮಾರು ೮೦,೦೦೦.

ಈಗ ಒಂದು ಊರಿನ ಒಳಗಿನ ಮಾತನ್ನು ಬಿಟ್ಟು ಊರಿಂದೂರಿಗೆ ಹೋಗೋಣ. ಹಿಂದಿನ ಚಿತ್ರದುರ್ಗ ಜಿಲ್ಲೆಯಲ್ಲಿ ಒಂಬತ್ತು ತಾಲ್ಲೂಕುಗಳಿದ್ದುವು: ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಚಳ್ಳಕೆರೆ, ಮೊಳಕಾಲ್ಮೂರು, ಜಗಳೂರು, ದಾವಣಗೆರೆ, ಹರಿಹರ. ಈ ಒಂಬತ್ತು ಊರುಗಳ ಎಕ್ಸ್‌ಚೇಂಜುಗಳನ್ನು ಒಂದರಿಂದೊಂದಕ್ಕೆ ನೇರವಾಗಿ ಕೂಡಿಸಲು ಮೂವತ್ತಾರು ತಂತಿಮಾರ್ಗಗಳು ಬೇಕು. ಒಂದು ಊರನ್ನು ನಡುವಾಗಿ ಮಾಡಿಕೊಂಡರೆ ಎಂಟು. ಮೊಳಕಾಲ್ಮೂರಿನಿಂದ ಹೊಸದುರ್ಗಕ್ಕೆ ದಿನಕ್ಕೆ ಎಷ್ಟು ಮಂದಿ ಮಾತನಾಡಿಯಾರು? ಅದಕ್ಕಾಗಿ ಒಂದು ಪ್ರತ್ಯೇಕ ಮಾರ್ಗವನ್ನು ಹಾಕಿ, ಕಂಬ ನೆಟ್ಟು, ಗಾಳಿ ಮಳೆಗಳಲ್ಲಿ ಕಾಪಾಡಿಕೊಂಡು ಬರುವುದು ಯಾವ ಖಜಾನೆಗೂ ಸಾಧ್ಯವಿಲ್ಲ. ಇದನ್ನೇ ದೇಶಕ್ಕೆಲ್ಲ ಹಿಗ್ಗಿಸಿ ನೋಡಿ. ಭಾರತದಲ್ಲಿ ಇಂಥ ತಾಲ್ಲೂಕುಮಟ್ಟದ ಟೆಲಿಫೋನ್ ಪ್ರದೇಶಗಳು ೨,೬೦೦ಕ್ಕಿಂತ ಹೆಚ್ಚು. ಅವುಗಳನ್ನು ಜೋಡಿಜೋಡಿಯಾಗಿ ಕೂಡಿಸುವುದಾದರೆ ಮೂವತ್ತಮೂರು ಲಕ್ಷಕ್ಕೂ ಮೀರಿದ ಮಾರ್ಗಗಳು ಬೇಕಾಗುವುವು. ಆದುದರಿಂದ ಟೆಲಿಫೋನು ಒಂದು ಏಣಿಯಾಗದೆ ಬೇರೆ ದಾರಿ ಇರಲಿಲ್ಲ.

ಮಾರ್ಗಗಳ ಸಂಖ್ಯೆಯನ್ನು ಉಳಿಸುವುದಲ್ಲದೆ, ಈ ಏಣಿಗೆ ಇನ್ನೊಂದು ಸೂಕ್ಷ್ಮವಾದ ಸಮರ್ಥನೆಯುಂಟು. ಅದನ್ನು ಕಂಡುಹಿಡಿದವನು ಡೆನ್ಮಾರ್ಕಿನ ಗಣಿತಜ್ಞ ಆಗ್ನರ್ ಎರ್ಲಾಂಗ್. ಅವನು ಕೋಪನ್‌ಹೇಗನ್ ಟೆಲಿಫೋನ್ ಕಂಪೆನಿಯಲ್ಲಿ ಕೆಲಸಕ್ಕಿದ್ದನು. ಎರಡು ಊರುಗಳ ನಡುವೆ ಎಷ್ಟು ತಂತಿಗಳಿದ್ದರೆ ಜನ ಕಾಯದೆ ಮಾತನಾಡಬಹುದು ಎಂಬುದು ಅವನ ಮುಂದಿದ್ದ ಪ್ರಶ್ನೆ. ಜನರು ಸರದಿಯಂತೆ ಮಾತನಾಡುವವರಲ್ಲ. ಒಮ್ಮೆ ಹತ್ತು ಮಂದಿ ಒಟ್ಟಿಗೆ ಬರುವರು, ಇನ್ನೊಮ್ಮೆ ಅರ್ಧ ಗಂಟೆಯವರೆಗೆ ಯಾರೂ ಇಲ್ಲ. ಈ ಅನಿಶ್ಚಯವನ್ನು ಅವನು ೧೯೧೭ರಲ್ಲಿ ಪ್ರಕಟಿಸಿದ ಒಂದು ಸೂತ್ರದಲ್ಲಿ ಹಿಡಿದನು. ಅದರ ಫಲವನ್ನು ಮಾತ್ರ ಇಲ್ಲಿ ಹೇಳುತ್ತೇವೆ. ನೂರು ಕರೆಗಳಲ್ಲಿ ಒಂದು ಮಾತ್ರ ಜಾಗವಿಲ್ಲದೆ ಹಿಂದಿರುಗಬಹುದು ಎಂದು ಇಟ್ಟುಕೊಂಡರೆ, ಹತ್ತು ತಂತಿಗಳ ಒಂದು ಕಟ್ಟು ಏಕಕಾಲದಲ್ಲಿ ಸರಾಸರಿ ನಾಲ್ಕೂವರೆ ಸಂಭಾಷಣೆಗಳನ್ನು ಮಾತ್ರ ಹೊರಬಲ್ಲುದು. ಅಂಥ ಎರಡು ಕಟ್ಟುಗಳು ಬೇರೆ ಬೇರೆಯಾಗಿ ಹೊರುವುದು ಒಂಬತ್ತು. ಆದರೆ ಆ ಇಪ್ಪತ್ತು ತಂತಿಗಳನ್ನೂ ಒಂದೇ ಕಟ್ಟಾಗಿ ಮಾಡಿದರೆ ಅವು ಹೊರುವುದು ಹನ್ನೆರಡು! ನೂರು ತಂತಿಗಳ ಕಟ್ಟಾದರೆ ಎಂಬತ್ತನಾಲ್ಕು. ತಂತಿ ಹೆಚ್ಚಾಗಲಿಲ್ಲ, ಹಂಚಿಕೊಂಡು ಬಳಸಿದ್ದರಿಂದ ಅದರ ಶಕ್ತಿ ಹೆಚ್ಚಿತು. ಹಿರಿಯೂರಿನವರ ಮಾತನ್ನೂ ಹೊಸದುರ್ಗದವರ ಮಾತನ್ನೂ ಚಳ್ಳಕೆರೆಯವರ ಮಾತನ್ನೂ ಒಂದು ಕೇಂದ್ರದಲ್ಲಿ ಕಲೆಹಾಕಿ ಬೆಂಗಳೂರಿಗೆ ಒಂದೇ ದಪ್ಪನಾದ ಕಟ್ಟಿನಲ್ಲಿ ಕಳುಹಿಸುವುದು ಹೀಗೆ ಲಾಭದಾಯಕವಾಗುತ್ತದೆ. ನಮ್ಮ ಕಾಲೇಜಿನ ವಿದ್ಯಾರ್ಥಿಗಳಿಗೆ ಈ ಲೆಕ್ಕವನ್ನು ಹೇಳಿದಾಗ, ಮದುವೆಮನೆಯಲ್ಲಿ ಎರಡು ಕಡೆ ಸಣ್ಣ ಸಣ್ಣ ಪಂಕ್ತಿ ಹಾಕುವುದಕ್ಕಿಂತ ಒಂದೇ ದೊಡ್ಡ ಪಂಕ್ತಿ ಹಾಕಿದರೆ ಎಲೆ ಖಾಲಿ ಉಳಿಯುವುದು ಕಡಮೆಯೆಂದು ಒಬ್ಬನು ಒಡನೆಯೇ ಹೇಳಿದನು. ಅವನಿಗೆ ಎರ್ಲಾಂಗನ ಸೂತ್ರ ಬೇಕಾಗಿರಲಿಲ್ಲ.

ಈ ಏಣಿಯನ್ನು ಅತ್ಯಂತ ಶಾಸ್ತ್ರೀಯವಾಗಿ ಕಟ್ಟಿದವರು ಅಮೆರಿಕದವರು. ಅಲ್ಲಿ ಐದು ಅಂತಸ್ತುಗಳು. ಚಂದಾದಾರನ ಮನೆಯ ತಂತಿ ಬಂದು ಸೇರುವ ಎಕ್ಸ್‌ಚೇಂಜಿಗೆ ಐದನೆಯ ದರ್ಜೆ. ಅದರ ಮೇಲೆ ನಾಲ್ಕನೆಯದು, ಮೂರನೆಯದು, ಎರಡನೆಯದು. ತುದಿಯಲ್ಲಿ ಮೊದಲನೆಯ ದರ್ಜೆಯ ಪ್ರಾದೇಶಿಕ ಕೇಂದ್ರಗಳು. ಅಷ್ಟು ದೊಡ್ಡ ದೇಶಕ್ಕೆ ಈ ತುದಿಯ ಕೇಂದ್ರಗಳು ಇದ್ದುದು ಹತ್ತೇ. ಕರೆಯೊಂದು ಕೆಳಗಿನಿಂದ ಹತ್ತಿ, ಬೇಕಾದಷ್ಟು ಮೇಲೆ ಹೋಗಿ, ಆ ಕಡೆಯ ಏಣಿಯಲ್ಲಿ ಇಳಿಯುವುದು. ಆದರೆ ಪ್ರತಿಯೊಂದು ಕರೆಯೂ ತುದಿಯವರೆಗೆ ಹತ್ತಲೇಬೇಕೆಂಬ ನಿಯಮವಿರಲಿಲ್ಲ. ಎರಡು ಊರುಗಳ ನಡುವೆ ಮಾತು ಬಹಳವಾಗಿದ್ದರೆ ಅಡ್ಡಲಾಗಿ ಒಂದು ನೇರ ಮಾರ್ಗವನ್ನು ಹಾಕುವರು. ಕರೆ ಮೊದಲು ಅದನ್ನು ಪ್ರಯತ್ನಿಸುವುದು. ಅದು ತುಂಬಿದ್ದರೆ ಮಾತ್ರ ಮೇಲಿನ ಮೆಟ್ಟಿಲಿಗೆ ಹೋಗುವುದು. ಎಲ್ಲಕ್ಕಿಂತ ಮೇಲಿನ ಮಾರ್ಗವೇ ಕೊನೆಯ ಆಸರೆ.

ನಮ್ಮಲ್ಲಿ ಏಣಿಯ ಕೆಳಗಿನ ಮೆಟ್ಟಿಲು ಬಹುಮಟ್ಟಿಗೆ ತಾಲ್ಲೂಕು. ಇಲಾಖೆಯ ಭಾಷೆಯಲ್ಲಿ ಇದಕ್ಕೆ ಅಲ್ಪದೂರ ದರಪ್ರದೇಶವೆಂದು ಹೆಸರು. ಇಂಥ ಹಲವನ್ನು ಕೂಡಿಸಿ ದೀರ್ಘದೂರ ದರಪ್ರದೇಶಗಳನ್ನು ಮಾಡಿದರು. ದೇಶಕ್ಕೆಲ್ಲ ಇವು ೩೨೨. ಅವುಗಳ ಮೇಲೆ ಟ್ರಂಕ್ ಎಕ್ಸ್‌ಚೇಂಜುಗಳ ಎರಡು ದರ್ಜೆಗಳು; ತುದಿಯಲ್ಲಿ ದೆಹಲಿ, ಮುಂಬಯಿ, ಕಲ್ಕತ್ತ, ಮದರಾಸು, ಕಾಲಕ್ರಮದಲ್ಲಿ ಬೆಂಗಳೂರು ಮೊದಲಾದುವು. ಹಳೆಯ ಮೈಸೂರಿನ ಆಡಳಿತವನ್ನು ಬಲ್ಲವರಿಗೆ ಇದು ಪರಿಚಿತವಾದ ಚಿತ್ರ. ಶಾನುಭೋಗರಿಂದ ಶೇಕದಾರರಿಗೆ, ಅವರಿಂದ ಅಮಲ್ದಾರರಿಗೆ, ಅಲ್ಲಿಂದ ಡೆಪ್ಯುಟಿ ಕಮಿಷನರಿಗೆ ಅರ್ಜಿ ಹತ್ತಿದಂತೆ ಮಾತೂ ಹತ್ತುವುದು. ಅಂಚೆಯೂ ಇದೇ ಕ್ರಮದಲ್ಲಿ ಶಾಖಾ ಕಚೇರಿ, ಉಪಕಚೇರಿ, ಪ್ರಧಾನ ಕಚೇರಿಗಳೆಂದು ವಿಭಾಗವಾಗಿತ್ತು. ಟೆಲಿಫೋನು ೧೯೮೫ರವರೆಗೆ ಅಂಚೆಯೊಡನೆ ಒಂದೇ ಇಲಾಖೆಯಲ್ಲಿದ್ದುದರಿಂದ ಈ ಹೋಲಿಕೆ ಆಶ್ಚರ್ಯವಲ್ಲ.

ಆದರೆ ಒಂದು ಕಡೆ ಟೆಲಿಫೋನು ಕಂದಾಯದ ಏಣಿಯನ್ನು ಕೈಬಿಟ್ಟಿತು. ಚಿತ್ರದುರ್ಗದವರಾದ ನಮಗೆ ಅದು ಸ್ವಲ್ಪ ಚುಚ್ಚುವ ವಿಷಯ. ಡೆಪ್ಯುಟಿ ಕಮಿಷನರ ಕಚೇರಿ, ಜಿಲ್ಲಾ ನ್ಯಾಯಾಲಯ, ಏಳುಸುತ್ತಿನ ಕೋಟೆ, ಎಲ್ಲವೂ ಇದ್ದುದು ಚಿತ್ರದುರ್ಗದಲ್ಲಿ. ದೂರಸಂಪರ್ಕದ ಜಿಲ್ಲೆಗೆ ಮಾತ್ರ ಹೆಸರು ಬಂದುದು ದಾವಣಗೆರೆಯದು. ಚಿತ್ರದುರ್ಗವು ಅದರ ಒಳಗೆ ಸೇರಿತು. ಇದಕ್ಕೆ ಕಾರಣವನ್ನು ಊಹಿಸುವುದು ಕಷ್ಟವಲ್ಲ. ಮಾತು ಹೆಚ್ಚಾಗಿ ನಡೆಯುವುದು ಹತ್ತಿಯ ಗಿರಣಿಗಳೂ ಮಂಡಿಗಳೂ ಇರುವ ಕಡೆ. ಬೆಂಗಳೂರು-ಹುಬ್ಬಳ್ಳಿ ರೈಲುಮಾರ್ಗವೂ ದಾವಣಗೆರೆಯ ಮೇಲೆಯೇ ಹಾದುಹೋಯಿತು. ದುರ್ಗಕ್ಕೆ ಬರಬೇಕಾದವರು ಹೊಳಲ್ಕೆರೆ ತಾಲ್ಲೂಕಿನ ಚಿಕ್ಕಜಾಜೂರಿನಲ್ಲಿ ಇಳಿದು ಕವಲು ದಾರಿಯ ಗಾಡಿಯನ್ನು ಹಿಡಿಯಬೇಕಾಗಿತ್ತು. ರೈಲಿಗೆ ಚಿಕ್ಕಜಾಜೂರು ಏನೋ ಟೆಲಿಫೋನಿಗೆ ಟ್ರಂಕ್ ಎಕ್ಸ್‌ಚೇಂಜು ಅದು. ಕೋಟೆಯ ಪ್ರತಿಷ್ಠೆಯನ್ನು ತಂತಿ ಲೆಕ್ಕಿಸಲಿಲ್ಲ.

ಈಗ ನಮ್ಮ ಐದು ಅಂಕಿಗಳಿಗೆ ಬರೋಣ. ಮೊದಲ ಸೊನ್ನೆ, ಈ ಕರೆ ಊರಿನಿಂದ ಹೊರಗೆ ಹೋಗತಕ್ಕದ್ದು ಎಂದು ಯಂತ್ರಕ್ಕೆ ಕೊಡುವ ಸೂಚನೆ. ಎಂಟು ಎಂಬುದು ಕರ್ನಾಟಕವೂ ತೆಲುಗು ಸೀಮೆಯ ಬಹುಭಾಗವೂ ಸೇರಿದ ವಲಯ. ಅದರ ಮುಂದೆ ಒಂದು ಬಂದರೆ ಹಳೆಯ ಮೈಸೂರಿನ ಒಂದು ಭಾಗ: ಕೋಲಾರ ೦೮೧೫೨, ತುಮಕೂರು ೦೮೧೬, ಹಾಸನ ೦೮೧೭೨, ಶಿವಮೊಗ್ಗ ೦೮೧೮೨. ಮೈಸೂರು ಮಂಗಳೂರುಗಳು ೮೨ಕ್ಕೆ ಸೇರಿದುವು, ಹುಬ್ಬಳ್ಳಿ ಬೆಳಗಾವಿಗಳು ೮೩ಕ್ಕೆ. ೮೧೯ ಎಂದರೆ ಚಿತ್ರದುರ್ಗದ ಸೀಮೆ. ಕೊನೆಯ ಅಂಕಿ ತಾಲ್ಲೂಕನ್ನು ಹೇಳುವುದು: ಒಂದು ಹೊಳಲ್ಕೆರೆ, ಎರಡು ದಾವಣಗೆರೆ, ಮೂರು ಹಿರಿಯೂರು, ನಾಲ್ಕು ಚಿತ್ರದುರ್ಗ, ಐದು ಚಳ್ಳಕೆರೆ, ಆರು ಜಗಳೂರು, ಎಂಟು ಮೊಳಕಾಲ್ಮೂರು, ಒಂಬತ್ತು ಹೊಸದುರ್ಗ. ಹರಿಹರ ದಾವಣಗೆರೆಯ ಅಂಕಿಯಲ್ಲಿಯೇ ಅಡಗಿದೆ. ೧೯೯೭ರಲ್ಲಿ ದಾವಣಗೆರೆ ಬೇರೆ ಜಿಲ್ಲೆಯಾಯಿತು. ಜಗಳೂರೂ ಹರಿಹರವೂ ಅದರ ಜೊತೆಗೆ ಹೋದುವು. ನಕ್ಷೆ ಬದಲಾಯಿತು, ಕಂದಾಯದ ದಾಖಲೆ ಬದಲಾಯಿತು, ಬಸ್ಸುಗಳ ಮೇಲಿನ ಬರಹ ಬದಲಾಯಿತು. ಟೆಲಿಫೋನಿನ ಅಂಕಿಗಳು ಮಾತ್ರ ಬದಲಾಗಲಿಲ್ಲ. ಅವಿಭಕ್ತ ಚಿತ್ರದುರ್ಗ ಜಿಲ್ಲೆ ಈ ಹೊತ್ತಿಗೂ ೦೮೧೯ ಎಂಬ ನಾಲ್ಕು ಅಂಕಿಗಳಲ್ಲಿ ಅಖಂಡವಾಗಿ ಉಳಿದಿದೆ.

ಇನ್ನೊಂದು ವಿಷಯವನ್ನು ಗಮನಿಸಬೇಕು. ಬೆಂಗಳೂರಿಗೆ ೦೮೦, ಸೊನ್ನೆಯನ್ನು ಬಿಟ್ಟರೆ ಎರಡೇ ಅಂಕಿ. ಹೊಸದುರ್ಗಕ್ಕೆ ನಾಲ್ಕು. ಸಂಕೇತವೂ ಚಂದಾದಾರನ ಸಂಖ್ಯೆಯೂ ಸೇರಿ ಒಟ್ಟು ಹತ್ತು ಅಂಕಿಗಳಾಗಬೇಕೆಂಬುದು ನಿಯಮವಾದುದರಿಂದ, ಬೆಂಗಳೂರಿನ ಮನೆಗೆ ಎಂಟು ಅಂಕಿಗಳ ಸಂಖ್ಯೆ, ಹೊಸದುರ್ಗದ ಮನೆಗೆ ಆರು. ರಾಜಧಾನಿಯ ವಿಳಾಸ ಚಿಕ್ಕದು, ಜನ ಬಹಳ; ನಮ್ಮ ವಿಳಾಸ ಉದ್ದ, ಜನ ಕಡಮೆ. ದೊಡ್ಡವರನ್ನು ಒಂದು ಹೆಸರಿನಿಂದ ಕರೆದರೆ ಸಾಕು, ಬಡವನನ್ನು ಗುರುತಿಸಲು ತಂದೆಯ ಹೆಸರು, ಊರಿನ ಹೆಸರು, ಹೋಬಳಿಯ ಹೆಸರು ಎಲ್ಲವೂ ಬೇಕು.

ಈ ಅಂಕಿಗಳು ಬರುವುದಕ್ಕೆ ಮೊದಲು ಏಣಿಯ ಪ್ರತಿಯೊಂದು ಮೆಟ್ಟಿಲಿನಲ್ಲಿಯೂ ಒಬ್ಬ ಮನುಷ್ಯ ಕುಳಿತಿದ್ದನು. ಟ್ರಂಕ್ ಕಾಲ್ ಎಂಬ ಮಾತು ನಮ್ಮ ಹಿರಿಯರಿಗೆ ಚೆನ್ನಾಗಿ ಗೊತ್ತು. ಆಪರೇಟರಿಗೆ ಹೇಳಿ ಬುಕ್ ಮಾಡಿಸಬೇಕು. ಅವರು ಮೇಲಿನ ಎಕ್ಸ್‌ಚೇಂಜಿನ ಆಪರೇಟರನ್ನು ಕೇಳುವರು, ಅವರು ಅದರ ಮೇಲಿನವರನ್ನು. ಎಲ್ಲಿಯಾದರೂ ಒಂದು ಕಡೆ ತಂತಿ ಖಾಲಿಯಿಲ್ಲದಿದ್ದರೆ ಕಾಯಬೇಕು. ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್ ಎಂದು ಮೂರು ತರಗತಿಗಳು; ಹೆಚ್ಚು ಹಣ ಕೊಟ್ಟವನ ಮಾತು ಮೊದಲು. ಮೂರು ಮೂರು ನಿಮಿಷಕ್ಕೆ ಲೆಕ್ಕ. ಸಾವಿನ ಸುದ್ದಿಯೂ ಮಂಡಿಯ ಧಾರಣೆಯೂ ಒಂದೇ ಸಾಲಿನಲ್ಲಿ ನಿಂತಿರುತ್ತಿದ್ದುವು. ಸಾಲಿನಲ್ಲಿ ಮುಂದೆ ಹೋಗುವುದಕ್ಕೆ ಬೇಕಾದ ಹಣ ಮಂಡಿಯವನ ಹತ್ತಿರ ಇರುತ್ತಿತ್ತು. ಈ ವ್ಯವಸ್ಥೆಯಲ್ಲಿ ಆಪರೇಟರುಗಳ ತಾಳ್ಮೆಯೂ ನೆನಪೂ ಎಷ್ಟು ದೊಡ್ಡವೆಂಬುದನ್ನು ಹೇಳಿದವರು ಕಡಮೆ. ಊರಿನ ಡಾಕ್ಟರು ಮನೆಯಲ್ಲಿಲ್ಲ, ಇಂಥವರ ಮನೆಯಲ್ಲಿದ್ದಾರೆ ಎಂದು ಹೇಳಿ ಅಲ್ಲಿಗೇ ಜೋಡಿಸಿಕೊಡುವ ಉಪಕಾರವನ್ನು ಯಾವ ಯಂತ್ರವೂ ಅನಂತರ ಮಾಡಲಿಲ್ಲ.

ಆಪರೇಟರನ್ನು ತೆಗೆದುಹಾಕುವ ಯೋಚನೆ ಹುಟ್ಟಿದ್ದು ಅಪನಂಬಿಕೆಯಿಂದ. ಅಮೆರಿಕದ ಕ್ಯಾನ್ಸಸ್ ನಗರದಲ್ಲಿ ಆಲ್ಮನ್ ಸ್ಟ್ರೌಜರ್ ಎಂಬವನು ಶವಸಂಸ್ಕಾರಕ್ಕೆ ಬೇಕಾದ ಏರ್ಪಾಡುಗಳನ್ನು ಮಾಡಿಕೊಡುವ ವೃತ್ತಿಯವನು. ತನಗೆ ಬರುವ ಕರೆಗಳನ್ನು ಎಕ್ಸ್‌ಚೇಂಜಿನವರು ತನ್ನ ಪ್ರತಿಸ್ಪರ್ಧಿಗೆ ಜೋಡಿಸುತ್ತಿದ್ದಾರೆಂದು ಅವನಿಗೆ ಸಂಶಯ ಬಂದಿತಂತೆ. ಸಂಶಯ ನಿಜವೋ ಸುಳ್ಳೋ, ೧೮೯೧ರಲ್ಲಿ ಅವನಿಗೆ ಸ್ವಯಂಚಾಲಿತ ಎಕ್ಸ್‌ಚೇಂಜಿನ ಪೇಟೆಂಟು ದೊರೆಯಿತು. ಮರುವರ್ಷ ಇಂಡಿಯಾನ ಸಂಸ್ಥಾನದ ಲಾ ಪೋರ್ಟಿನಲ್ಲಿ ಅದು ಕೆಲಸಮಾಡಲು ತೊಡಗಿತು. ಚಂದಾದಾರನು ಒಂದೊಂದು ಅಂಕಿಯನ್ನು ತಿರುಗಿಸಿದಂತೆಲ್ಲ ಯಂತ್ರದ ಕೈ ಮೇಲಕ್ಕೂ ಪಕ್ಕಕ್ಕೂ ಹೆಜ್ಜೆಯಿಡುತ್ತ ಹೋಗುವುದು. ಅಂಕಿಯೇ ದಾರಿ, ದಾರಿಯೇ ಅಂಕಿ. ೦೮೧೯೪ರಂಥ ಸಂಖ್ಯೆಗಳ ಹುಟ್ಟು ಈ ಯಂತ್ರದ ಸ್ವಭಾವದಲ್ಲಿದೆ. ಮುಂದೆ ಬಂದ ಯಂತ್ರಗಳು ಅಂಕಿಗಳೆಲ್ಲವನ್ನೂ ಮೊದಲು ನೆನಪಿನಲ್ಲಿಟ್ಟುಕೊಂಡು, ಅನಂತರ ತಮಗೆ ತೋರಿದ ದಾರಿಯನ್ನು ಹುಡುಕುತ್ತವೆ. ಆದರೂ ಸಂಖ್ಯೆಯ ರೂಪ ಹಾಗೆಯೇ ಉಳಿಯಿತು.

ಸ್ಟ್ರೌಜರನ ಯಂತ್ರಗಳು ನಮ್ಮ ದೇಶದಲ್ಲಿಯೇ ತಯಾರಾದುದು ಮೈಸೂರು ಸಂಸ್ಥಾನದಲ್ಲಿ ಎಂಬುದು ನಾವು ಹೆಮ್ಮೆಪಡತಕ್ಕ ವಿಷಯ. ೧೯೪೮ರಲ್ಲಿ ಬೆಂಗಳೂರಿನಲ್ಲಿ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಸ್ಥಾಪಿತವಾಯಿತು. ಆ ಕಾರ್ಖಾನೆಯ ಸುತ್ತ ಬೆಳೆದ ಊರಿಗೆ ದೂರವಾಣಿನಗರ ಎಂದೇ ಹೆಸರು. ಒಂದು ಕನ್ನಡ ಪಾರಿಭಾಷಿಕ ಶಬ್ದ ನಿಘಂಟಿನಿಂದ ಇಳಿದು ಬಂದು ಬಸ್ಸಿನ ಫಲಕದ ಮೇಲೆ ಕುಳಿತ ಉದಾಹರಣೆ ಇದಕ್ಕಿಂತ ಒಳ್ಳೆಯದು ನಮಗೆ ತೋರುವುದಿಲ್ಲ.

ಆಪರೇಟರಿನ ನೆರವಿಲ್ಲದೆ ಚಂದಾದಾರನೇ ಬೇರೊಂದು ಊರಿಗೆ ಕರೆಮಾಡುವ ಸೌಕರ್ಯ, ಎಂದರೆ ಎಸ್.ಟಿ.ಡಿ., ನಮ್ಮ ದೇಶದಲ್ಲಿ ೧೯೬೦ರ ನವೆಂಬರಿನಲ್ಲಿ ಲಕ್ನೋ ಕಾನ್ಪುರಗಳ ನಡುವೆ ಮೊದಲಾಯಿತು. ಬ್ರಿಟನ್ನಿನಲ್ಲಿಯೂ ಇದು ಬಂದು ಎರಡೇ ವರ್ಷವಾಗಿದ್ದಿತು. ಎಂಬತ್ತರ ತೊಂಬತ್ತರ ದಶಕಗಳಲ್ಲಿ ಹಳದಿ ಫಲಕದ ಎಸ್.ಟಿ.ಡಿ. ಅಂಗಡಿಗಳು ಪ್ರತಿ ಬಸ್ ನಿಲ್ದಾಣದಲ್ಲಿಯೂ ಹುಟ್ಟಿದುವು. ರಾತ್ರಿ ಹನ್ನೊಂದರ ಮೇಲೆ ಕಾಲುದರ. ಹಾಸ್ಟೆಲಿನ ಹುಡುಗರು, ಊರಿನಿಂದ ದೂರವಿದ್ದ ನೌಕರರು, ಗಡಿಯಲ್ಲಿದ್ದ ಸೈನಿಕರ ಮನೆಯವರು ಆ ಹೊತ್ತಿಗೆ ಸಾಲುಗಟ್ಟಿ ನಿಲ್ಲುತ್ತಿದ್ದರು. ನಮ್ಮ ವಯಸ್ಸಿನವರಲ್ಲಿ ಆ ಸಾಲಿನಲ್ಲಿ ನಿಲ್ಲದವರು ವಿರಳ. ಇದು ಸರ್ಕಾರದ ಔದಾರ್ಯವೆಂದು ಆಗ ತಿಳಿದಿದ್ದೆವು. ಎರ್ಲಾಂಗನನ್ನು ಓದಿದ ಮೇಲೆ ಗೊತ್ತಾಗುವುದೇನೆಂದರೆ, ಹಗಲಿನ ನೂಕುನುಗ್ಗಲಿಗೆಂದು ಹಾಕಿದ ತಂತಿಗಳು ರಾತ್ರಿ ಬರಿದೇ ಮಲಗಿರುತ್ತವೆ. ಅವುಗಳಿಂದ ಬಂದಷ್ಟು ಬರಲಿ ಎಂಬುದೇ ಈ ದರದ ಗುಟ್ಟು.

ಏಣಿಯ ಗುಣಗಳನ್ನು ಇಷ್ಟು ಹೇಳಿದ ಮೇಲೆ ಅದರ ಅನ್ಯಾಯಗಳನ್ನೂ ಹೇಳದಿದ್ದರೆ ನಮ್ಮ ಮಾತು ಏಕಪಕ್ಷವಾದೀತು. ಹಿರಿಯೂರು ತಾಲ್ಲೂಕಿನ ಧರ್ಮಪುರ ಹೋಬಳಿಯ ಅಂಚಿಗೇ ಆಂಧ್ರದ ಮಡಕಶಿರಾ ಸೀಮೆ. ಅಲ್ಲಿಯವರಲ್ಲಿ ಕನ್ನಡಿಗರು ಬಹಳ; ಹೆಣ್ಣು ಕೊಟ್ಟು ತರುವ ನಂಟಸ್ತನ, ಸಂತೆಯ ವ್ಯಾಪಾರ, ಎಲ್ಲವೂ ಗಡಿಯನ್ನು ದಾಟಿ ನಡೆಯುತ್ತವೆ. ಸೈಕಲ್ಲಿನಲ್ಲಿ ಹೋಗಿಬರುವ ದೂರ. ಏಣಿಯ ನಿಯಮದಂತೆ ಮಾತ್ರ, ಈ ಹಳ್ಳಿಯ ಮಾತು ಹಿರಿಯೂರಿಗೆ ಹೋಗಿ, ಅಲ್ಲಿಂದ ಜಿಲ್ಲೆಯ ಕೇಂದ್ರಕ್ಕೂ ಬೆಂಗಳೂರಿಗೂ ಹತ್ತಿ, ಆಂಧ್ರದ ಕಡೆಯ ಏಣಿಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿದು ಪಕ್ಕದ ಹಳ್ಳಿಯನ್ನು ಮುಟ್ಟಬೇಕು. ಹೊಸದುರ್ಗದ ಅಂಚಿನವರಿಗೆ ಕಡೂರು ತರೀಕೆರೆಗಳ ಕಡೆಯ ನೆಂಟರೊಡನೆ ಇದೇ ಪಾಡು. ನೆರೆಯ ಪ್ರದೇಶಗಳ ಕರೆಗಳಿಗೆ ಮುಂದೆ ಸ್ಥಳೀಯ ದರವನ್ನೇ ಇಟ್ಟು ಈ ಅನ್ಯಾಯವನ್ನು ಕೊಂಚಮಟ್ಟಿಗೆ ಸರಿಪಡಿಸಿದರು. ಮೊಬೈಲು ಬಂದ ಮೇಲೆ ಗಡಿಯವರಿಗೆ ಹೊಸದೊಂದು ಕಾಟ ಬಂದಿತು: ಮನೆಯಲ್ಲಿಯೇ ಕುಳಿತಿದ್ದರೂ ಫೋನು ಆಚೆಯ ರಾಜ್ಯದ ಗೋಪುರವನ್ನು ಹಿಡಿದು, ಪರಸ್ಥಳದಲ್ಲಿರುವವರಿಗೆ ಹಾಕುವ ರೋಮಿಂಗ್ ದರವನ್ನು ವಸೂಲುಮಾಡುತ್ತಿತ್ತು.

ಎರಡನೆಯ ಅನ್ಯಾಯ, ಏಣಿಯನ್ನು ಮೇಲಿನಿಂದ ಕೆಳಕ್ಕೆ ಕಟ್ಟಿಕೊಂಡು ಬಂದುದು. ಮೊದಲು ರಾಜಧಾನಿ, ಆಮೇಲೆ ಜಿಲ್ಲೆ, ಆಮೇಲೆ ತಾಲ್ಲೂಕು. ಹಳ್ಳಿಗೆ ಬರುವ ಹೊತ್ತಿಗೆ ಹಣವೂ ಉತ್ಸಾಹವೂ ಮುಗಿದಿರುತ್ತಿತ್ತು. ಹಳ್ಳಿಯ ಎಕ್ಸ್‌ಚೇಂಜಿಗೆ ತಕ್ಕ ಯಂತ್ರವೂ ಇರಲಿಲ್ಲ. ಪರದೇಶದಿಂದ ತರಿಸಿದ ಯಂತ್ರಗಳಿಗೆ ತಂಪುಗೊಳಿಸಿದ ಕೋಣೆ ಬೇಕು. ಚಳ್ಳಕೆರೆಯ ಬಿಸಿಲಿಗೆ ಅದನ್ನು ಎಲ್ಲಿಂದ ತರುವುದು? ೧೯೮೪ರಲ್ಲಿ ಪ್ರಾರಂಭವಾದ ಸಿ-ಡಾಟ್ ಎಂಬ ಸರ್ಕಾರಿ ಸಂಶೋಧನ ಸಂಸ್ಥೆ ಈ ಪ್ರಶ್ನೆಯನ್ನು ತಲೆಕೆಳಗಾಗಿ ಹಿಡಿಯಿತು. ದೊಡ್ಡ ಪಟ್ಟಣದ ಯಂತ್ರಕ್ಕೆ ಕಾಯದೆ, ೧೨೮ ತಂತಿಗಳನ್ನು ಸೇರಿಸಬಹುದಾದ ಒಂದು ಚಿಕ್ಕ ಎಕ್ಸ್‌ಚೇಂಜನ್ನು ಮೊದಲು ರೂಪಿಸಿತು. ಧೂಳಿಗೂ ಸೆಕೆಗೂ ಜಗ್ಗದೆ, ತಂಪು ಕೋಣೆಯ ಹಂಗಿಲ್ಲದೆ ಅದು ನಡೆಯುವುದು. ಅದು ಮೊದಲು ಸ್ಥಾಪಿತವಾದುದು ಕರ್ನಾಟಕದಲ್ಲಿಯೇ. ೧೯೮೬ರಲ್ಲಿ, ರಾಣಿ ಚೆನ್ನಮ್ಮನ ಕಿತ್ತೂರಿನಲ್ಲಿ. ಏಣಿಯ ಕೆಳಗಿನ ಮೆಟ್ಟಿಲಿಗೆ ಅಂತೂ ಗೌರವ ಬಂದುದು ಆಗ.

ಮೂರನೆಯದು ಅನ್ಯಾಯವಲ್ಲ, ಅಪಾಯ. ಚಿತ್ರದುರ್ಗದ ಕೋಟೆಯನ್ನು ನೋಡಿದವರಿಗೆ ಓಬವ್ವನ ಕಿಂಡಿಯನ್ನು ವರ್ಣಿಸಬೇಕಾಗಿಲ್ಲ. ಒಬ್ಬೊಬ್ಬರೇ ನುಸುಳಬೇಕಾದ ಇಕ್ಕಟ್ಟು ದಾರಿಯನ್ನು ಒಬ್ಬ ಹೆಂಗಸು ಒನಕೆ ಹಿಡಿದು ತಡೆಯಬಲ್ಲಳು. ಶತ್ರುವಿಗೆ ಆದ ಈ ಗತಿ, ಮಾತಿಗೂ ಆಗಬಹುದು. ತಾಲ್ಲೂಕಿನಿಂದ ಮೇಲಿನ ಕೇಂದ್ರಕ್ಕೆ ಇರುವುದು ಒಂದೇ ಮಾರ್ಗವಾದರೆ, ಹೆದ್ದಾರಿಯ ಬದಿಯಲ್ಲಿ ಮಣ್ಣು ತೋಡುವ ಯಂತ್ರದ ಒಂದು ಹಲ್ಲು ತಗುಲಿದರೆ ಸಾಕು, ಇಡೀ ತಾಲ್ಲೂಕು ಮೂಕವಾಗುತ್ತದೆ. ೧೯೮೮ರ ಮೇ ೮ರಂದು ಅಮೆರಿಕದ ಹಿನ್ಸ್‌ಡೇಲ್ ಎಂಬಲ್ಲಿ ಒಂದು ಎಕ್ಸ್‌ಚೇಂಜಿಗೆ ಬೆಂಕಿ ಬಿದ್ದು ಮೂವತ್ತೈದು ಸಾವಿರ ಮಂದಿಯ ಟೆಲಿಫೋನುಗಳು ನಿಂತುಹೋದುವು. ಅದರ ಮೂಲಕ ಹಾದುಹೋಗುತ್ತಿದ್ದ ಹೊರಗಿನವರ ಕರೆಗಳೂ ಕೆಟ್ಟುವು. ಹಾಗಾದರೆ ಏಣಿಯನ್ನೇ ತೆಗೆದು ಎಲ್ಲ ಕೇಂದ್ರಗಳನ್ನೂ ಸಮಾನವಾಗಿ ಮಾಡಿದರೆ? ಅಮೆರಿಕದಲ್ಲಿ ೧೯೮೪ರಿಂದ ಈಚೆಗೆ ಹಾಗೆಯೇ ಮಾಡತೊಡಗಿದರು. ದೂರದ ಕರೆಗಳಿಗೆ ಐದು ಅಂತಸ್ತುಗಳ ಕಟ್ಟುಪಾಡು ಹೋಗಿ, ಯಾವ ದಾರಿ ಖಾಲಿಯಿದ್ದರೆ ಆ ದಾರಿ ಎಂದಾಯಿತು. ೧೯೯೦ರ ಜನವರಿ ೧೫ರಂದು ಆ ಸಮಾನರ ಸಭೆಯಲ್ಲಿ ಕಂಪ್ಯೂಟರುಗಳ ಆದೇಶಗಳಲ್ಲಿದ್ದ ತಪ್ಪಿನಿಂದ ಒಂದು ಕೇಂದ್ರದ ತೊಂದರೆ ಎಲ್ಲರಿಗೂ ಹರಡಿ, ೧೧೪ ಕೇಂದ್ರಗಳೂ ಒಂದನ್ನೊಂದು ಕೆಡಿಸುತ್ತ, ಒಂಬತ್ತು ಗಂಟೆಗಳ ಕಾಲ ದೂರದ ಕರೆಗಳಲ್ಲಿ ಸುಮಾರು ಅರ್ಧ ವಿಫಲವಾದುವು. ಏಣಿ ಮುರಿದರೆ ಅದರ ಕೆಳಗಿನವರು ಮಾತ್ರ ಬೀಳುವರು. ಕೈಕೈ ಹಿಡಿದು ನಿಂತವರಲ್ಲಿ ಒಬ್ಬನಿಗೆ ಜ್ವರ ಬಂದರೆ ಎಲ್ಲರಿಗೂ ಬಂದೀತು. ಎರಡರಲ್ಲಿ ಯಾವುದು ಲೇಸೆಂದು ಹೇಳುವುದು ಸುಲಭವಲ್ಲವಾದರೂ, ತಾಲ್ಲೂಕಿನಲ್ಲಿ ವಾಸಿಸುವ ನಮಗೆ ಮೊದಲನೆಯ ಅಪಾಯವೇ ಹೆಚ್ಚು ಹತ್ತಿರದ್ದು. ರಾತ್ರಿ ಹೊತ್ತು ಹೆರಿಗೆಯ ಹೆಂಗಸಿಗಾಗಿ ೧೦೮ಕ್ಕೆ ಕರೆಮಾಡುವವನಿಗೆ ನ್ಯೂಯಾರ್ಕಿನ ಕೇಂದ್ರ ಹೇಗಿದ್ದರೇನು, ಹೊಸದುರ್ಗದಿಂದ ಹೊರಡುವ ಮಾರ್ಗ ಸರಿಯಾಗಿರಬೇಕು.

ಇದಕ್ಕೆ ನಡುವಣ ಉಪಾಯವೊಂದುಂಟು, ಅದು ಬಳೆ. ತಾಲ್ಲೂಕು ಕೇಂದ್ರದಿಂದ ಹೊರಟ ಮಾರ್ಗ ಹಳ್ಳಿಗಳನ್ನು ಮುಟ್ಟುತ್ತ ಸುತ್ತಿ ಮತ್ತೆ ಕೇಂದ್ರಕ್ಕೇ ಬಂದು ಸೇರಿದರೆ, ಒಂದು ಕಡೆ ತುಂಡಾದರೂ ಮಾತು ಇನ್ನೊಂದು ಕಡೆಯಿಂದ ಸುತ್ತಿ ಬರಬಹುದು. ಗ್ರಾಮಪಂಚಾಯಿತಿಗಳಿಗೆಲ್ಲ ಬೆಳಕಿನ ತಂತಿಯನ್ನು ಎಳೆಯುವ ಯೋಜನೆ ೨೦೧೧ರಲ್ಲಿ ಮಂಜೂರಾಯಿತು. ಭಾರತ್‌ನೆಟ್ ಎಂಬುದು ಅದರ ಈಗಿನ ಹೆಸರು. ಮೊದಲು ಅದನ್ನು ಮರದ ಕೊಂಬೆಗಳಂತೆಯೇ ಹಾಕಿದರು. ೨೦೨೩ರಲ್ಲಿ ಮಂಜೂರಾದ ಪರಿಷ್ಕೃತ ಯೋಜನೆಯಲ್ಲಿ ತಾಲ್ಲೂಕಿನಿಂದ ಪಂಚಾಯಿತಿಗಳಿಗೆ ಬಳೆಯಾಕಾರದ ಮಾರ್ಗಗಳಿರಬೇಕೆಂದು ಗೊತ್ತುಮಾಡಿದ್ದಾರೆ. ಮಾರ್ಗದ ಉದ್ದ ಹೆಚ್ಚು, ಖರ್ಚೂ ಹೆಚ್ಚು. ಆದರೂ ಇದು ಒಳ್ಳೆಯ ನಿರ್ಣಯವೆಂದೇ ನಮ್ಮ ಅಭಿಪ್ರಾಯ. ನಮ್ಮ ತಾಲ್ಲೂಕುಗಳ ಜನಪ್ರತಿನಿಧಿಗಳು ಪಂಚಾಯಿತಿಗೆ ತಂತಿ ಬಂದಿತೇ ಎಂದು ಕೇಳಿ ಸುಮ್ಮನಾಗದೆ, ಎರಡು ಕಡೆಯಿಂದ ಬಂದಿತೇ ಎಂದು ಕೇಳಬೇಕು.

ಮೊಬೈಲು ಏಣಿಯನ್ನು ಅಳಿಸಿತೆಂದು ಹೇಳುವವರುಂಟು. ಅದು ಪೂರ್ತಿ ನಿಜವಲ್ಲ. ಊರಿನ ಗೋಪುರದಿಂದ ಮಾತು ಹೋಗುವುದು ಒಂದು ಕೇಂದ್ರಕ್ಕೆ, ಅಲ್ಲಿಂದ ಇನ್ನೊಂದಕ್ಕೆ. ಮೆಟ್ಟಿಲುಗಳು ಕಡಮೆಯಾದುವು, ಕರ್ನಾಟಕವೆಲ್ಲ ಒಂದೇ ವೃತ್ತವಾಯಿತು. ನಿಜವಾಗಿ ಅಳಿದುಹೋದುದು ಸಂಖ್ಯೆಗೂ ಸ್ಥಳಕ್ಕೂ ಇದ್ದ ಸಂಬಂಧ. ೨೦೧೧ರ ಜನವರಿಯಲ್ಲಿ, ಸಂಖ್ಯೆಯನ್ನು ಬದಲಿಸದೆ ಕಂಪೆನಿಯನ್ನು ಬದಲಿಸುವ ಅನುಕೂಲ ದೇಶಕ್ಕೆಲ್ಲ ಬಂದಿತು. ೨೦೧೫ರ ಜುಲೈಯಿಂದ ರಾಜ್ಯವನ್ನು ಬಿಟ್ಟು ಹೋದರೂ ಅದೇ ಸಂಖ್ಯೆಯನ್ನು ಇಟ್ಟುಕೊಳ್ಳಬಹುದಾಯಿತು. ಹಿಂದೆ ಕರೆಮಾಡಿದವನು ಮೊದಲು ಕೇಳುತ್ತಿದ್ದುದು ಯಾರು ಮಾತನಾಡುವುದು ಎಂದು. ಈಗ ಮೊದಲ ಪ್ರಶ್ನೆ ಎಲ್ಲಿದ್ದೀರಿ ಎಂಬುದು.

ಉಳಿದಿರುವ ತಂತಿಯ ಟೆಲಿಫೋನುಗಳ ಅಂಕಿಗಳಿಗೂ ಈಗ ಬದಲಾವಣೆಯ ಕಾಲ ಬಂದಿದೆ. ಭಾರತದ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು ೨೦೨೫ರ ಫೆಬ್ರವರಿಯಲ್ಲಿ ಸರ್ಕಾರಕ್ಕೆ ಮಾಡಿದ ಶಿಫಾರಸಿನ ಪ್ರಕಾರ, ಸಂಖ್ಯೆಗಳ ಹಂಚಿಕೆಗೆ ತಾಲ್ಲೂಕುಮಟ್ಟದ ಪ್ರದೇಶ ಇನ್ನು ಆಧಾರವಾಗಬೇಕಾಗಿಲ್ಲ. ರಾಜ್ಯಮಟ್ಟದ ವೃತ್ತವೇ ಆಧಾರವಾಗಬೇಕು. ತಂತಿಯ ಟೆಲಿಫೋನಿನಿಂದ ತಂತಿಯ ಟೆಲಿಫೋನಿಗೆ ಮಾತನಾಡುವವರು, ಪಕ್ಕದ ಬೀದಿಗಾದರೂ ಸರಿಯೆ, ಸೊನ್ನೆಯನ್ನೂ ಸಂಕೇತವನ್ನೂ ಸೇರಿಸಿ ಪೂರ್ತಿ ಸಂಖ್ಯೆಯನ್ನು ಒತ್ತಬೇಕು. ಸಂಖ್ಯೆಗಳ ಅಭಾವವನ್ನು ನೀಗುವುದಕ್ಕಾಗಿ ಈ ಏರ್ಪಾಡು. ಈಗಾಗಲೇ ಕೊಟ್ಟಿರುವ ಸಂಖ್ಯೆಗಳನ್ನು ಬದಲಿಸಬೇಕೆಂದು ಅದರಲ್ಲಿ ಹೇಳಿಲ್ಲ. ಆದುದರಿಂದ ಪೇಟೆಬೀದಿಯ ಅಂಗಡಿಯವರು ತಮ್ಮ ಫಲಕಗಳಿಗೆ ಮತ್ತೆ ಬಣ್ಣ ಹೊಡೆಸಬೇಕಾಗಿಲ್ಲ. ಸೊನ್ನೆಯನ್ನು ಮಾತ್ರ ಅಳಿಸದೆ ಇಟ್ಟುಕೊಂಡರೆ ಸಾಕು.